ವೈರಿನ ಎರಡನೇ ತುದಿ

“ನಿನ್ಗೆ ಈ ನೆಟ್‌ವರ್ಕಿಂಗ್ ಬ್ಯಾಚು ಬ್ಯಾಡ. ನಾಳೆಯಿಂದ ಟೈಪಿಂಗ್ ಕಲಿಯೋಕೆ ಓಗು,” ಎಂದು ಚೆನ್ನಕೇಶವ ಸಾರ್ ಹುಡುಗರೆಲ್ಲರ ಎದುರು ಹೇಳಿದಾಗ ಮುನಿಲಕ್ಷ್ಮಿಗೆ ಕಿವಿಯವರೆಗೂ ಉರಿದುಹೋಯಿತು. ರಾಬರ್ಟ್‌ಸನ್‌ಪೇಟೆಯ ಆ ಕಂಪ್ಯೂಟರ್ ಸೆಂಟರಿನಲ್ಲಿ ಆಯುಧಪೂಜೆಯ ಕರ್ಪೂರದ ವಾಸನೆ ಇನ್ನೂ ಹೋಗಿರಲಿಲ್ಲ. ಅಭ್ಯಾಸಕ್ಕೆಂದು ಜೋಡಿಸಿದ್ದ ಆರು ಕಂಪ್ಯೂಟರುಗಳು ಪೂಜೆ ಮುಗಿಸಿ ಸ್ವಿಚ್ ಹಾಕಿದರೆ ಒಂದಕ್ಕೊಂದು ಮಾತಾಡದೆ ಕಲ್ಲಿನಂತೆ ಕೂತಿದ್ದವು. ನಿನ್ನೆ ವೈರು ಜೋಡಿಸಿದವಳು ಅವಳು, ಹಾಗಾಗಿ ತಪ್ಪೂ ಅವಳದೇ.

“ನೆನ್ನೆ ಎಲ್ಲಾ ಸರ್ಯಾಗೇ ಇತ್ತು ಸಾರ್.”

“ಬಾಯಿ ಮುಚ್ಚು.”

ಬಾಯಿ ಮುಚ್ಚಿದಳು, ಕೈ ಸುಮ್ಮನಿರಲಿಲ್ಲ. ಆರು ಕಂಪ್ಯೂಟರುಗಳನ್ನೂ ಒಂದಕ್ಕೊಂದು ಜೋಡಿಸುವ ನಡುವಿನ ಪೆಟ್ಟಿಗೆಯ ದೀಪಗಳು ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಅದರಿಂದ ಹೊರಟ ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿದಳು. ಏಳನೆಯದು ಯಾವ ಕಂಪ್ಯೂಟರಿಗೂ ಹೋಗದೆ ತಿರುಗಿ ಬಂದು ಅದೇ ಪೆಟ್ಟಿಗೆಯನ್ನು ಸೇರಿತ್ತು. ಕಂಪ್ಯೂಟರುಗಳು ಕಳಿಸಿದ್ದೆಲ್ಲ ಅಲ್ಲೇ ಗಿರಗಿರ ಸುತ್ತಿ ಎಲ್ಲರ ದಾರಿ ಕಟ್ಟಿತ್ತು. ಹೆಚ್ಚಾಗಿ ಉಳಿದಿದ್ದ ಆ ವೈರಿನ ಎರಡನೇ ತುದಿಯನ್ನು ಅವಳು ನಿನ್ನೆ ಹೊರಗೇ ಬಿಟ್ಟಿದ್ದಳು. ಪೂಜೆಯ ದಿನ ಅದು ಹಾಗೆ ನೇತಾಡುವುದು ಯಾರ ಕಣ್ಣಿಗೋ ಹಿಡಿಸಿರಲಿಲ್ಲ.

ಕಿತ್ತಳು. ದೀಪಗಳ ಹುಚ್ಚು ತಣ್ಣಗಾಯಿತು, ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡತೊಡಗಿದವು.

“ಯಾವನ್ಲಾ ಇದನ್ನ ಸಿಗ್ಸಿದ್ದು?” ಸಾರ್ ಹುಡುಗರ ಮೇಲೆ ತಿರುಗಿಬಿದ್ದರು.

ಮುನಿಲಕ್ಷ್ಮಿ ವೈರಿನ ತುದಿಯನ್ನು ಅವರ ಮೂಗಿನ ನೇರಕ್ಕೆ ಹಿಡಿದಳು. ಮೇಲೊಂದು, ಕೆಳಗೊಂದು ಕುಂಕುಮದ ಬೆರಳಚ್ಚು. ಬೊಟ್ಟಿಟ್ಟದ್ದಲ್ಲ, ಹಿಡಿದು ಒತ್ತಿದ್ದು. ಪೂಜೆ ಮುಗಿಯುವವರೆಗೆ ಯಾರೂ ಏನನ್ನೂ ಮುಟ್ಟಕೂಡದೆಂದು ಎಲ್ಲರನ್ನೂ ಬಾಗಿಲಾಚೆ ನಿಲ್ಲಿಸಿ, ಒಬ್ಬರೇ ಕುಂಕುಮ ಹಚ್ಚಿದವರು ಸಾರ್.

“ಕೈ ತೋರ್ಸಿ ಸಾರ್,” ಎಂದಳು.

ಚೆನ್ನಕೇಶವ ಸಾರ್ ಕೈಯನ್ನು ಹಿಂದಕ್ಕೆಳೆದು, ಹಬ್ಬಕ್ಕೆ ಉಟ್ಟಿದ್ದ ಹೊಸ ಬಿಳಿ ಪಂಚೆಗೆ ಒರೆಸಿಕೊಂಡರು.