ಎರಡನೆಯ ಕಪ್ಪು

ಬೆಲ್ಲದ ಚಹಾ ಕುದಿಯುವ ವಾಸನೆ ಬಂದರೆ ಈಗಲೂ ನನಗೆ ನರೋಣಾದ ನಮ್ಮ ಪಡಸಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಬಿಳಿ ಸಕ್ಕರೆಯ ಅಪಾಯಗಳ ಕುರಿತು ಪುಸ್ತಕ ಬರೆದು, ಊರೂರು ತಿರುಗಿ ತಿಳಿಹೇಳುತ್ತಿದ್ದ ಲೇಖಕಿಯೊಬ್ಬರು ಅಂದು ನಮ್ಮ ಶಾಲೆಯಲ್ಲಿ ಮಾತನಾಡಿ, ಬಳಿಕ ನಮ್ಮ ಮನೆಗೆ ಬಂದಿದ್ದರು. ಹಬ್ಬಕ್ಕೆಂದು ಉಳಿಸಿದ್ದ ರೇಷನ್ ಸಕ್ಕರೆಯ ಪುಟ್ಟ ಪೊಟ್ಟಣವನ್ನು ಅವ್ವ ಬಿಚ್ಚಿದಳು. ನಾನು ಅವಳ ಸೆರಗು ಜಗ್ಗಿದೆ.

"ಅವ್ವಾ, ಅವ್ರು ಸಕ್ರಿ ತಿನ್ನಂಗಿಲ್ಲ. ಸಾಲ್ಯಾಗ ಅದನ್ನ ವಿಷ ಅಂದ್ರು."

"ಸುಮ್ನಿರು ಬೇ. ಅವ್ರು ಪುಸ್ತಕದಾಗ ಏನರ ಬರೀಲಿ, ಬಂದೋರಿಗೆ ಬೆಲ್ಲದ ಚಾ ಕೊಟ್ರ ಓಣ್ಯಾಗ ಹ್ಯಾಂಗ ಮಾರಿ ತೋರಿಸ್ಲಿ?"

ನಮ್ಮಲ್ಲಿ ಬೆಲ್ಲದ ಚಹಾ ಮನೆಯವರಿಗೆ, ಸಕ್ಕರೆಯ ಚಹಾ ಅತಿಥಿಗಳಿಗೆ. ಅವರು ಬೇಡವೆಂದರೆ ಅವ್ವನಿಗೆ ಅವಮಾನವಾಗುವುದೆಂದು ಹೆದರಿ ನಾನು ಬಾಗಿಲಲ್ಲೇ ನಿಂತೆ. ಅವರು ಅವ್ವ ತಂದುಕೊಟ್ಟ ಕಪ್ಪನ್ನು ನೋಡಿದರು. ತೆರೆದ ಬಾಗಿಲಿನಿಂದ ಕಾಣುತ್ತಿದ್ದ, ಒಲೆಯ ಪಕ್ಕದ ಖಾಲಿ ಪೊಟ್ಟಣವನ್ನೂ ನೋಡಿದರು. ಆಮೇಲೆ ತಳದವರೆಗೂ ಕುಡಿದರು.

"ಭಾಳ ಚಲೋ ಆಗೇದ್ರಿ ಅಕ್ಕಾರ. ಇನ್ನೊಂದು ಕಪ್ ಕೊಡ್ತೀರೇನ್ರಿ? ಈ ಸಲ ನೀವು ಕುಡಿಯೋ ಚಾ ಕೊಡ್ರಿ."

ಅವ್ವ ನಕ್ಕಳು. "ಅದು ಬೆಲ್ಲದ್ದೈತ್ರಿ."

"ಅದಕ್ಕ ಕೇಳಾಕತ್ತೇನ್ರಿ."

ಅವ್ವ ಬೆಲ್ಲ ಜಜ್ಜಿ ಚಹಾ ಕುದಿಸಿ, ಎರಡು ಕಪ್ಪುಗಳಿಗೆ ಸೋಸಿದಳು. ಬಂದವರ ಎದುರು ಎಂದೂ ಕೂರದಿದ್ದವಳು ಅಂದು ಅವರ ಪಕ್ಕದಲ್ಲೇ ಕಂಬಳಿಯ ಮೇಲೆ ಕುಳಿತು, ಚಹಾವನ್ನು ಕಪ್ಪಿನಡಿಯ ಬಸಿಗೆ ಸುರಿದುಕೊಂಡು, ಊದಿ ಊದಿ ಕುಡಿದಳು.