ಅಪ್ಪನ ಹೆಸರಿನ ಶಾಲು

ಡಾಂಬರು ಗುಳಿಗೆಯ ವಾಸನೆ ಬಂದರೆ ಇವತ್ತಿಗೂ ನಾನು ಎದ್ದು ಹೊರಗೆ ಹೋಗುತ್ತೇನೆ.

ನಾನು ಸಣ್ಣವಳಿದ್ದಾಗ ಅಣ್ಣಿಗೇರಿಯಲ್ಲಿ ಒಂದು ಮಧ್ಯಾಹ್ನ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಹಳೆಯ ಆಟಗಾರರಿಗೆ ಸನ್ಮಾನವಿತ್ತು. ಅಪ್ಪ ಅವರ ಗೋಲ್‌ಕೀಪರ್ ಆಗಿದ್ದ. ಮೊಣಕಾಲು ಮುರಿದ ಮೇಲೆ ಕ್ಲಬ್ಬಿನವರು ಒಬ್ಬರೂ ನಮ್ಮ ಓಣಿಗೆ ಕಾಲಿಟ್ಟಿರಲಿಲ್ಲ. ಕರೆಯದಿದ್ದರೂ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನ ಕೈ ಹಿಡಿದು ಕುಂಟುತ್ತ ಬಂದು ಕಡೇ ಸಾಲಿನಲ್ಲಿ ಕುಳಿತಿದ್ದ.

ಮೊದಲು, ತೀರಿಕೊಂಡ ಆಟಗಾರರಿಗೆ ಮೌನಾಚರಣೆ. ಸೆಕ್ರೆಟರಿ ಕಾಕಾ ಓದಿದ ಪಟ್ಟಿಯಲ್ಲಿ ಮೂರನೆಯದು ಅಪ್ಪನ ಹೆಸರು.

"ಅಪ್ಪಾ, ನೀ ಇಲ್ಲೇ ಅದೀಯಲ್ಲ!" ಎಂದೆ.

"ಸುಮ್ನ ನಿಂದ್ರು," ಎಂದು ಅಪ್ಪ ಎಲ್ಲರಂತೆ ತಲೆ ತಗ್ಗಿಸಿ ನಿಂತ.

ಆಮೇಲೆ ಸೆಕ್ರೆಟರಿ ಕಾಕಾ ಅಪ್ಪನನ್ನು ಕಂಡು ವೇದಿಕೆಯಿಂದ ಕೆಳಗಿಳಿದು ಬಂದ. "ಹೆಸರು ಓದಿಬಿಟ್ಟೇನಿ. ಈಗ ಮುಂದ ಬಂದು ನನ್ನ ಮರ್ಯಾದಿ ಕಳೀಬ್ಯಾಡಪಾ. ಹುಡುಗೀನ ಕಳಸು, ನಿನ್ನ ಹೆಸರಿನ ಶಾಲು ಅಕಿಗೆ ಕೊಡ್ತೀವಿ."

ಅಪ್ಪ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ನೂಕಿದ.

ಶಾಲು ಹೊಸದಾಗಿರಲಿಲ್ಲ; ಯಾರದೋ ಟ್ರಂಕಿನ ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಮುಖ್ಯ ಅತಿಥಿಗಳು ಅದನ್ನು ನನಗೆ ಹೊದಿಸಿ ಮೈಕಿನಲ್ಲಿ, "ಅಂಥಾ ಗೋಲ್‌ಕೀಪರ್ ಮತ್ತ ಹುಟ್ಟಂಗಿಲ್ಲ" ಎಂದರು. ಜನ ಚಪ್ಪಾಳೆ ತಟ್ಟಿದರು.

ಕಡೇ ಸಾಲಿನಲ್ಲಿ ಅಪ್ಪನೂ ತಟ್ಟುತ್ತಿದ್ದ.