ಹಿಟ್ಟಿಗಿಂತ ಹಗುರ

"ಬ್ರೇಕು! ಎಡಗೈದು ಹಿಡಿ, ಎಡಗೈದು!"

ಸ್ಕೂಟರು ಗೋಡೆಗೆ ಗೇಣು ದೂರದಲ್ಲಿ ನಿಂತಿತು. ಹೆಂಡತಿ ಇಳಿದು, ಗೋಡೆಗೆ ಕೈಯೂರಿ, ಬಾಯಲ್ಲಿ ಉಸಿರೆಳೆದುಕೊಳ್ಳುತ್ತಲೇ ನಕ್ಕಳು.

"ಜೀವ ಬಾಯಿಗೆ ಬಂತು ರೀ. ಮಗಳು ಕಾಲೇಜಿಗೆ ಹೋಗೋ ವಯಸ್ಸಲ್ಲಿ ನನಗ್ಯಾಕೆ ಈ ಕುದುರೆ ಸವಾರಿ?"

"ಕಲಿತಿರು. ನಾಳೆ ಬೇಕಾಗುತ್ತೆ."

"ನಾಳೆ ನೀವೆಲ್ಲಿಗೆ ಹೋಗಿರ್ತೀರಾ?"

ಅವನು ಸ್ಕೂಟರನ್ನು ತಿರುಗಿಸಿ ನಿಲ್ಲಿಸಿದ. "ಹತ್ತಿ ಕೂರು. ಇನ್ನೊಂದು ಸುತ್ತು."

ಅವನು ಕಾರ್ಖಾನೆಯಲ್ಲಿ ಅಚ್ಚು ಒತ್ತುವವನು. ಬೆರಿಲಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಅಚ್ಚಿಗೆ ತುಂಬಿ ಒತ್ತಿದರೆ ಉಗುರಗಲದ ಬಿಲ್ಲೆ. ಅದನ್ನು ಕುಲುಮೆಯಲ್ಲಿ ಸುಟ್ಟರೆ ಕಲ್ಲಿನಂತೆ ಗಟ್ಟಿ. ವಿಚಿತ್ರ ವಸ್ತು. ಕಾವನ್ನು ಲೋಹದ ಹಾಗೆ ಸಾಗಿಸುತ್ತದೆ, ಕರೆಂಟನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಅದಕ್ಕೇ ರೇಡಾರು, ಲೇಸರು, ದೊಡ್ಡ ದೊಡ್ಡ ಟ್ರಾನ್ಸ್‌ಮಿಟರುಗಳ ಹೊಟ್ಟೆಯೊಳಗೆಲ್ಲ ಅದು ಬೇಕು. ಬಿಲ್ಲೆಯಾದ ಮೇಲೆ ಸಾಧು. ಪುಡಿಯಾಗಿದ್ದಾಗಲೇ ಅದರ ಆಟ. ಹಿಟ್ಟಿಗಿಂತ ಹಗುರ. ಮೂಗಿಗೆ ವಾಸನೆಯಿಲ್ಲ, ಕಣ್ಣಿಗೆ ಉರಿಯಿಲ್ಲ. ಒಳ್ಳೆಯ ಬಾಡಿಗೆದಾರನ ಹಾಗೆ ಸದ್ದಿಲ್ಲದೆ ಎದೆಯೊಳಗೆ ಸೇರಿಕೊಂಡು, ವರ್ಷಗಟ್ಟಲೆ ಸುಮ್ಮನಿದ್ದು, ಒಂದು ದಿನ ಮನೆಯೇ ತನ್ನದೆನ್ನುತ್ತದೆ.

ಪಕ್ಕದ ಯಂತ್ರದ ಮೀಸೆಯಣ್ಣನಿಗೆ ಹಾಗೇ ಆಗಿತ್ತು. ಮೂಟೆ ಹೊತ್ತು ಮಹಡಿ ಹತ್ತುತ್ತಿದ್ದ ಆಳು, ಕೊನೆಕೊನೆಗೆ ಚಪ್ಪಲಿ ಮೆಟ್ಟಿದರೂ ಕೂತು ಸುಧಾರಿಸಿಕೊಳ್ಳುತ್ತಿದ್ದ. ಅವನನ್ನು ಮಣ್ಣು ಮಾಡಿ ಬಂದ ದಿನವೇ ಅಚ್ಚಿನವನು ತನ್ನದೂ ಮುಗಿಯಿತು ಅಂದುಕೊಂಡ. ಇಬ್ಬರದೂ ಒಂದೇ ಕೋಣೆ, ಒಂದೇ ಗಾಳಿ. ಮುಖಗವಸು ಬೆವರಿಗೆ ಜಾರಿ ಸದಾ ಕುತ್ತಿಗೆಯಲ್ಲಿರುತ್ತಿತ್ತು. ಸ್ನಾನದ ಮನೆ ಅಂತ ಒಂದಿತ್ತು, ಅದರಲ್ಲಿ ನೀರಿರಲಿಲ್ಲ. ಪಾಳಿ ಮುಗಿದರೆ ಎಲ್ಲರೂ ಹಾಕಿದ ಬಟ್ಟೆಯಲ್ಲೇ ಮನೆ ಸೇರುತ್ತಿದ್ದರು.

ಹೆಂಡತಿಗೆ ಅವನು ಏನೂ ಹೇಳಲಿಲ್ಲ. ಹೇಳುವ ಬದಲು ಕಲಿಸತೊಡಗಿದ. ಸಿಲಿಂಡರ್ ಬದಲಿಸುವುದು ಹೇಗೆ, ಫ್ಯೂಸ್ ಹೋದರೆ ಏನು ಮಾಡಬೇಕು, ಮೋಟಾರು ನೀರೆತ್ತದಿದ್ದರೆ ಎಲ್ಲಿ ನೋಡಬೇಕು. ಅವಳು ಅರ್ಧ ಕೆಲಸಕ್ಕೇ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು.

"ಅಪ್ಪಾ, ಅಮ್ಮನಿಗೆ ಸುಸ್ತು. ಬಿಟ್ಟುಬಿಡಿ," ಎಂದಳು ಮಗಳು ಒಮ್ಮೆ.

"ನಾನಿಲ್ಲದಾಗ ಯಾರನ್ನು ಕರೀತಾಳೆ?" ಎಂದು ರೇಗಿದ. ರೇಗಿದ್ದಕ್ಕೆ ಆ ದಿನವೆಲ್ಲ ನೊಂದ.

ಅವಳು ಸೊರಗಿದ್ದನ್ನು ಅವನು ಗಮನಿಸದೆ ಇರಲಿಲ್ಲ. ಬಳೆ ಮೊಣಕೈಯವರೆಗೂ ಸಲೀಸಾಗಿ ಸರಿಯುತ್ತಿತ್ತು. ಒಗ್ಗರಣೆ ಹಾಕದಿದ್ದರೂ ಕೆಮ್ಮುತ್ತಿದ್ದಳು. ಗೊತ್ತಾಗಿಬಿಟ್ಟಿದೆ, ಒಳಗೊಳಗೇ ಕೊರಗುತ್ತಿದ್ದಾಳೆ ಎಂದುಕೊಂಡ. ತಾಳಿಕೊಳ್ಳುವವಳು, ಬಾಯಿಬಿಟ್ಟು ಕೇಳುವವಳಲ್ಲ. ಅವನೂ ಕೇಳಲಿಲ್ಲ.

ಬೆಳಗ್ಗೆ ಎದ್ದವನು ಮೊದಲು ತನ್ನ ಎದೆಗೆ ಕಿವಿಗೊಡುತ್ತಿದ್ದ. ಏನೂ ಕೇಳಿಸುತ್ತಿರಲಿಲ್ಲ. ಮೀಸೆಯಣ್ಣನಿಗೂ ಮೊದಮೊದಲು ಏನೂ ಕೇಳಿಸಿರಲಿಲ್ಲವಲ್ಲ.

ಕೊನೆಗೆ ಕಂಪನಿಯೇ ಎಲ್ಲರನ್ನೂ ಎದೆರೋಗದ ಆಸ್ಪತ್ರೆಗೆ ಕಳಿಸಿತು. ಜೊತೆಗೆ ಬಂದ ಹೆಂಡತಿ ಹಜಾರದಲ್ಲಿ ಕೂತು ಕೆಮ್ಮುತ್ತಿದ್ದುದನ್ನು ಕಂಡ ನರ್ಸು, "ಬಂದಿದ್ದೀರಲ್ಲ, ನಿಮ್ಮದೂ ಆಗಿಬಿಡಲಿ ಅಕ್ಕ," ಎಂದು ಅವಳನ್ನೂ ಕರೆದೊಯ್ದು ಎದೆಯ ಚಿತ್ರ, ರಕ್ತ ಎರಡನ್ನೂ ತೆಗೆದಳು. ಹೆಂಡತಿಗೆ ನಗು. "ಪುಕ್ಕಟೆ ಸಿಕ್ಕಿದ್ರೆ ನನಗೂ ಒಂದು ಅಂದ ಹಾಗಾಯ್ತು," ಎಂದಳು.

ಫಲಿತಾಂಶಕ್ಕೆ ಇಬ್ಬರನ್ನೂ ಮತ್ತೆ ಕರೆಸಿದರು. ಡಾಕ್ಟರ ಕೋಣೆ ಮಹಡಿಯ ಮೇಲೆ. "ನೀವು ಹೋಗ್ತಾ ಇರಿ, ನಾನು ನಿಧಾನವಾಗಿ ಬರ್ತೀನಿ," ಎಂದಳು ಅರ್ಧಕ್ಕೆ ನಿಂತು. ಕೇಳುವ ಧೈರ್ಯವಿಲ್ಲ ಪಾಪ, ಎಂದುಕೊಂಡು ಅವನೂ ನಿಂತ. ಅವಳ ಕೈ ಹಿಡಿದೇ ಒಳಗೆ ಹೋದ.

ಡಾಕ್ಟರು ಹೆಚ್ಚು ಮಾತಿನವರಲ್ಲ. ಬೆಳಕಿನ ಹಲಗೆಗೆ ಒಂದು ಫಿಲ್ಮು ಸಿಕ್ಕಿಸಿದರು. ಎರಡೂ ಪುಪ್ಪುಸದ ತುಂಬ ಬಿಳಿ ಚುಕ್ಕೆ, ಹಿಟ್ಟು ಎರಚಿದ ಹಾಗೆ. ಇಂಥದ್ದನ್ನೇ ಅವನು ಮೀಸೆಯಣ್ಣನ ಮನೆಯಲ್ಲಿ ನೋಡಿದ್ದ. ಓದಿ ಹೇಳಲು ಯಾರೂ ಬೇಕಿರಲಿಲ್ಲ.

"ಇದಕ್ಕೆ ಔಷಧ?" ಎಂದ.

"ಸ್ವಲ್ಪ ದಿನ ತಡೀಬಹುದು. ಆಮೇಲೆ ಆಮ್ಲಜನಕದ ಸಿಲಿಂಡರು. ಹೋಗಿದ್ದನ್ನ ವಾಪಸು ತರೋಕಾಗಲ್ಲ."

ವಿಚಿತ್ರವೆಂದರೆ ಅವನಿಗೆ ಹಗುರವಾಯಿತು. ಕಾದದ್ದು ಬಂದಿತ್ತು. ಹೆಂಡತಿಯ ಕಡೆ ತಿರುಗಿದ. ಅವಳ ಕಣ್ಣು ತುಂಬಿತ್ತು.

"ಅಳಬೇಡ ಕಣೇ. ನಿನಗೆ ಎಲ್ಲಾ ಕಲಿಸಿದ್ದೀನಿ. ನಾನಿಲ್ಲದಿದ್ರೂ ನೀನು ನಿಭಾಯಿಸ್ತೀಯ."

"ಹಾಗನ್ನಬೇಡಿ ರೀ," ಎಂದು ಅವಳು ಅವನ ಅಂಗೈಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡಳು.

ಡಾಕ್ಟರು ಕನ್ನಡಕ ತೆಗೆದರು. ಪಕ್ಕದಲ್ಲಿ ಇನ್ನೊಂದು ಫಿಲ್ಮು ಸಿಕ್ಕಿಸಿದರು. ಅದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

"ನಿಮ್ಮದು ಇದು. ರಕ್ತವೂ ಚೊಕ್ಕವಾಗಿದೆ. ಆ ಪುಡಿ ಎಲ್ಲರ ಮೈಗೂ ಹತ್ತಲ್ಲ. ಕೆಲವರು ಅದರಲ್ಲೇ ಹೊರಳಾಡಿದರೂ ಏನೂ ಆಗಲ್ಲ. ಕೆಲವರಿಗೆ ಚಿಟಿಕೆ ಸಾಕು."

ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಮೊದಲ ಫಿಲ್ಮಿನ ಕಡೆ ನೋಡಿದ. ಡಾಕ್ಟರು ಆಗಲೇ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡಿದ್ದರು.

"ಅಮ್ಮಾ, ಇವರ ಕೆಲಸದ ಬಟ್ಟೆ ಮನೇಲಿ ಯಾರು ಒಗೆಯೋದು?"

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಂಡನಿಗೆ ಏನೂ ಆಗಿಲ್ಲವೆಂಬ ಸಂತೋಷಕ್ಕೆ ಮುಖ ಅರಳಿತ್ತು.

"ನಾನೇ ಡಾಕ್ಟ್ರೇ, ಇನ್ಯಾರು? ದಿನಾ ಮೊದಲು ಚೆನ್ನಾಗಿ ಕೊಡವಿ, ಆಮೇಲೇ ನೆನೆಹಾಕೋದು."